ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ

ಅಕ್ಕಾ, ಕುರುಗೋಡಿನ ಸಂಬಂಧ ಮುರಿದವನು ನಾನು. ಹೊರಗಿನ ಯಾರೂ ಅಲ್ಲ — ನಿನ್ನ ತಮ್ಮ, ಸಿರುಗುಪ್ಪವನ್ನೆಲ್ಲ ಅಣಕಿಸಿ ನಗಿಸುವ ಈ ಕೋತಿ.

ಬಳ್ಳಾರಿಯ ಡಾಕ್ಟರಮ್ಮನ ಬಳಿಗೆ ಹೋದ ದಿನ ನೆನಪಿದೆಯೇ? ಆಕೆ ಆಡುವುದು ಬರೀ ತೆಲುಗು. ನಿನಗೂ ಅವ್ವನಿಗೂ ಅದು ತಿಳಿಯದು. ಕಾಲೇಜಿನ ಗೆಳೆಯರಿಂದ ಕಲಿತಿದ್ದ ನನ್ನನ್ನು ಪರದೆಯ ಈಚೆ ನಿಲ್ಲಿಸಿಕೊಂಡು ಹೇಳಿದರು — ನಿನ್ನ ಮೈಯಲ್ಲಿ ಗಂಡಸರ ಹಾರ್ಮೋನು ತುಸು ಹೆಚ್ಚಾಗಿದೆ, ತಿಂಗಳು ತಪ್ಪುವುದೂ ತುಟಿಯ ಮೇಲೆ ಕೂದಲು ಬಂದದ್ದೂ ಅದಕ್ಕೇ. ಆಮೇಲೆ ಹೇಳಿದ್ದೇ ದೊಡ್ಡದು. ಆ ಹಾರ್ಮೋನು ಎಲ್ಲ ಹೆಂಗಸರ ಅಂಡಾಶಯದಲ್ಲೂ ಹುಟ್ಟುತ್ತದೆ, ಹೆಣ್ಣಿನ ಹಾರ್ಮೋನು ತಯಾರಾಗುವುದೇ ಅದರಿಂದ, ಅದಿಲ್ಲದೆ ಮುಟ್ಟೇ ಸರಿಯಾಗಿ ನಡೆಯದು. ನಿನ್ನದು ಹದ ತಪ್ಪಿದೆ, ಅಷ್ಟೆ, ಔಷಧವಿದೆ. ಇದನ್ನೆಲ್ಲ ನಿನಗೆ ಬಿಡಿಸಿ ಹೇಳೆಂದರು.

ಹೇಳಲಿಲ್ಲ. ಅವ್ವನ ಮುಂದೆ, ನಿನ್ನ ಮುಂದೆ ಮುಟ್ಟಿನ ಮಾತು — ನಾಚಿಕೆ. "ಗುಳಿಗಿ ನುಂಗಿದ್ರ ಆರಾಮ ಆಗತೈತಂತ" ಎಂದು ನಿಮ್ಮನ್ನು ಬಸ್ಸು ಹತ್ತಿಸಿದೆ.

ಆ ನಾಚಿಕೆ ಆಮೇಲೆ ಎಲ್ಲಿ ಹೋಗಿತ್ತೋ. ಕುರುಗೋಡಿನವರು ನಿನ್ನನ್ನು ನೋಡಿ, ಒಪ್ಪಿ, ಒಳಗೆ ಊಟಕ್ಕೆ ಕೂತಿದ್ದಾಗ ವರನ ತಮ್ಮ ಹೊರಗೆ ಕಟ್ಟೆಯ ಮೇಲೆ ನನ್ನನ್ನು ಕೆಣಕಿದ: "ಎಲ್ಲಾರ ಧ್ವನಿ ತಗೀತಿಯಂತಲ್ಲಲೇ, ತಗಿ ನೋಡೂಣು."

ಬಸ್ ಕಂಡಕ್ಟರಾದೆ. ಅಕ್ಕಿ ಗಿರಣಿಯ ಸಾಹುಕಾರನಾದೆ. ಫೇಲಾಗಿ ಅಪ್ಪನ ಮುಂದೆ ಬಿಕ್ಕುವ ನಾನೇ ಆದೆ. ಇನ್ನೂ ಬೇಕೆಂದ. ತೆಲುಗು ಬೆರೆಸಿದ ಕನ್ನಡದಲ್ಲಿ ಡಾಕ್ಟರಮ್ಮನಾದೆ: "ಈ ಪಿಲ್ಲಕಿ, ಈ ಹುಡುಗಿಗಿ, ಗಂಡಸ್ರ ಹಾರ್ಮೋನು ಜಾಸ್ತಿ ಐತಮ್ಮಾ, ಅದಕ್ಕ ಮೀಸಿ."

ಬಿದ್ದು ಬಿದ್ದು ನಕ್ಕ. ಉಳಿದದ್ದನ್ನು ಹೇಳಿದ್ದರೆ ನಗು ನಿಲ್ಲುತ್ತಿತ್ತು — ಹೇಳಲಿಲ್ಲ. "ಯಾರಿಗಲೇ?" ಎಂದ. ನಾನು ಒಳಬಾಗಿಲಿನ ಕಡೆ ನೋಡಿ ಕಣ್ಣು ಮಿಟುಕಿಸಿದೆ.

ನಮ್ಮ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವುದಿಲ್ಲ, ಲಿಂಗಪೂಜೆಯನ್ನೂ ಬಿಡುವುದಿಲ್ಲ. ಹಾಗಾಗಿ ನಿನ್ನ ತಿಂಗಳು ತಪ್ಪುವುದು ನೆರೆಮನೆಗೂ ಗೊತ್ತಿರಲಿಲ್ಲ. ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ...

"ಹುಡುಗಿ ಗಂಡಸಿನ ಅಂಶದಾಕಿ ಅಂತ ಕೇಳೀವಿ, ಬ್ಯಾಡ್ರಿ" ಎಂದು ಅವರು ಹೇಳಿ ಕಳಿಸಿದರು. "ಯಾರು ಹೇಳಿದ್ರಪಾ" ಎಂದು ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಪಕ್ಕದಲ್ಲಿ ಕೂತು ನಾನೂ ಯೋಚಿಸಿದವನಂತೆ ಮಾಡಿದೆ. ನಮ್ಮ ಓಣಿಯ ಒಂದೆರಡು ಹೆಸರನ್ನೂ ಹೇಳಿದೆ, ಅಕ್ಕಾ. ನೀನು ಅಂದಿನಿಂದ ಗುಳಿಗೆ ನುಂಗುವುದನ್ನೇ ಬಿಟ್ಟೆ.

ವರ್ಷಗಳಾದವು. ನಿನ್ನೆ ನಾವು ಹಲಕುಂದಿಯ ಕಡೆಯ ಸಂಬಂಧದ ಮಾತೆತ್ತಿದಾಗ ನೀನು ರೊಟ್ಟಿ ಬಡಿಯುತ್ತಲೇ ಅಂದೆ: "ನನ್ನಂಥಾಕಿನ್ನ ಯಾಕ ಯಾರ ಮನಿಗಿ ಕಟ್ತೀರಿ? ನಾ ಪೂರಾ ಹೆಂಗಸಲ್ಲ."

ಆ ಮಾತು ನಿನ್ನದಲ್ಲ. ಕಟ್ಟೆಯ ಮೇಲೆ ಕೂತು ನಾನು ಹುಟ್ಟಿಸಿದ್ದು. ಹಲಕುಂದಿಯವರಿಗೆ ಹೂಂ ಅನ್ನು, ಬೇಡ ಅನ್ನು — ನಿನ್ನಿಷ್ಟ. ಆದರೆ ಡಾಕ್ಟರಮ್ಮ ಹೇಳಿದ್ದಿಷ್ಟನ್ನೂ ತಿಳಿದುಕೊಂಡು ಅನ್ನು. ಅವ್ವನಿಗೂ ಇವತ್ತೇ ಹೇಳುತ್ತೇನೆ. ನಾನು ಹೆಸರು ಕೆಡಿಸಿದ ಆ ಮನೆಗಳ ಬಾಗಿಲಿಗೂ ಹೋಗುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೆ, ಯಾಕೆಂದು ಕೇಳುವುದಿಲ್ಲ.