ತೂಬಿನ ಮನೆಯ ಕೆಂಪು ಗೆರೆ

ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಾಲುವೆ, ನಡುವೆ ಒಂದೇ ಬೀದಿ. ಈ ಸಾಲಿನವರು ಹಿತ್ತಿಲ ಬಾಗಿಲು ತೆರೆದರೆ ಹೊಳೆ, ಆ ಸಾಲಿನವರು ತೆರೆದರೆ ಕಾಲುವೆ. ಊರಿನ ಭೂಗೋಳ ಇಷ್ಟಕ್ಕೇ ಮುಗಿಯಿತು. ಚರಿತ್ರೆ ಇನ್ನೂ ಚಿಕ್ಕದು. ಸರಕಿನ ದೋಣಿಗಳು ಪೇಟೆಗೆ ಹೋಗಲೆಂದು ಯಾವುದೋ ಕಾಲದ ಸರ್ಕಾರ ಕಾಲುವೆ ತೋಡಿಸಿತು. ತೋಡಿ ಮುಗಿಯುವಷ್ಟರಲ್ಲಿ ಪೇಟೆಗೆ ರಸ್ತೆ ಬಂದಿತ್ತು. ತೋಡಿದ್ದನ್ನು ಮುಚ್ಚಿಸಿದರೆ ಯಾರಾದರೂ ಕಾರಣ ಕೇಳುತ್ತಾರೆಂದು, ಇದು ಹೊಲಗಳಿಗೆ ನೀರು ಬಿಡುವ ಕಾಲುವೆ ಎಂದು ಕಾಗದದಲ್ಲಿ ತಿದ್ದಿದರು. ಅಗೆಯಲು ಬಂದ ಕೂಲಿಯವರು ವಾಪಸ್ಸು ನಡೆಯುವ ದೂರ ನೆನೆದು ಅಲ್ಲೇ ಉಳಿದುಬಿಟ್ಟರು. ಈಗಿರುವವರು ಅವರ ಮೊಮ್ಮಕ್ಕಳು, ಮರಿಮಕ್ಕಳು.

ಇಂಥ ಊರಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ, ಐವತ್ತೆರಡು ವರ್ಷದ ಹಿಂದಿನ ಪ್ರವಾಹ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ತೂಬಿನ ಮನೆಯ ಮುಂಗೋಡೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ಆ ಮನೆಯಲ್ಲಿದ್ದವನು ಹೊಳೆಯಿಂದ ಕಾಲುವೆಗೆ ನೀರು ಬಿಡುವ ತೂಬಿನ ಬಾಗಿಲನ್ನು ಎತ್ತಿ ಇಳಿಸುವ ನೌಕರ. ಅವನ ಅಪ್ಪನೂ ಅದೇ ಕೆಲಸದಲ್ಲಿ, ಅದೇ ಮನೆಯಲ್ಲಿದ್ದವನು. ಊರಿನವರೆಲ್ಲ ಮಗನನ್ನು ತೂಬಣ್ಣ ಎನ್ನುತ್ತಿದ್ದರು.

ತೂಬಣ್ಣನಷ್ಟು ವಿಧೇಯ ನೌಕರನನ್ನು ಇಲಾಖೆ ದುರ್ಬೀನು ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ. ದಿನಕ್ಕೆರಡು ಸಲ ನೀರಿನ ಮಟ್ಟ ಬರೆಯಬೇಕೆಂದರೆ ಬರೆಯುವುದೇ. ಕಾಲುವೆ ಬಿರುಕುಬಿಟ್ಟು ಮೇಕೆಗಳು ಒಳಗಿಳಿದು ಮೇಯುತ್ತಿದ್ದ ತಿಂಗಳುಗಳಲ್ಲೂ ಅವನ ಪುಸ್ತಕದಲ್ಲಿ "ನೀರು: ಇಲ್ಲ. ಹರಿವು: ಸಾಮಾನ್ಯ" ಎಂದು ದುಂಡಗಿನ ಅಕ್ಷರದಲ್ಲಿ ಇರುತ್ತಿತ್ತು.

ಅವನು ಕೆಲಸಕ್ಕೆ ಸೇರಿದ ವರ್ಷವೇ ಮೇಲಿನಿಂದ ಒಂದು ಆದೇಶ ಬಂದಿತ್ತು. ಪ್ರವಾಹದ ಹಳೆಯ ಗೆರೆಯನ್ನು ಯಾರೂ ಮುಟ್ಟತಕ್ಕದ್ದಲ್ಲ. ಪ್ರತಿವರ್ಷ ಗೆರೆಯನ್ನು ಹೊಸ ಬಣ್ಣದಲ್ಲಿ ಎಳೆಯತಕ್ಕದ್ದು. ಗೆರೆಯ ಕೆಳಗಿನ ಗೋಡೆಗೆ ಸುಣ್ಣ ಹೊಡೆಯತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ತೂಬಣ್ಣ ಮೂರನ್ನೂ ಚಾಚೂ ತಪ್ಪದೆ ಪಾಲಿಸಿದ. ಹಳೆಯ ಗೆರೆಯನ್ನು ಮುಟ್ಟದೆ, ಅದಕ್ಕೆ ತಾಗಿದಂತೆ ಮೇಲೆ ಹೊಸ ಗೆರೆ ಎಳೆದ; ಆಮೇಲೆ ಹೊಸ ಗೆರೆಯ ಕೆಳಗಿದ್ದದ್ದಕ್ಕೆಲ್ಲ ಸುಣ್ಣ ಹೊಡೆದ. ಮರುವರ್ಷ ಮತ್ತೆ ಹಾಗೇ. ವರ್ಷಕ್ಕೆ ಮೂರು ಬೆರಳಿನಂತೆ ಪ್ರವಾಹ ಏರತೊಡಗಿತು. ತಪಾಸಣೆಗೆ ಬಂದ ಸಾಹೇಬರು ಜೀಪಿನಲ್ಲೇ ಕೂತು ಕತ್ತು ಚಾಚಿ ನೋಡಿ, "ಗೆರೆ ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಹಾಕುತ್ತಿದ್ದರು. ಹೀಗೆ ಮೂವತ್ತೊಂದು ಸಹಿ ಬಿದ್ದವು.

ಕಣ್ಣಾರೆ ಕಂಡವರು ಊರಿನಲ್ಲಿ ಇರಲಿಲ್ಲವೇ? ಇದ್ದರು. ಆದರೆ ಗೆರೆ ಏರಿದಂತೆ ಅವರ ನೆನಪೂ ಏರಿತು. ಮೊದಲು ಹೊಸ್ತಿಲ ಮೇಲೆ ನಿಂತು ನೀರು ನೋಡಿದೆ ಎನ್ನುತ್ತಿದ್ದ ಮೂಲೆಮನೆ ಅಜ್ಜಿ ಹತ್ತು ವರ್ಷದಲ್ಲಿ ಅಟ್ಟಕ್ಕೆ, ಇಪ್ಪತ್ತು ವರ್ಷದಲ್ಲಿ ಹೆಂಚಿನ ಮೇಲಕ್ಕೆ ಹತ್ತಿದ್ದಳು. ಶಾಲೆಯ ಮೇಷ್ಟ್ರು ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕರೆತಂದು ಗೋಡೆಗೆ ನಿಲ್ಲಿಸುತ್ತಿದ್ದರು; ಮಕ್ಕಳು ಕತ್ತೆತ್ತಿ ಬಾಯಿ ಬಿಟ್ಟು ನೋಡುತ್ತಿದ್ದವು. ಆಗ ತೂಬಣ್ಣನ ಎದೆ ಒಂದು ಗೇಣು ಉಬ್ಬುತ್ತಿತ್ತು. ಈಚಿನ ನಾಲ್ಕು ವರ್ಷ ಗೆರೆ ಎಳೆಯಲು ಅವನಿಗೆ ಸ್ಟೂಲು ಬೇಕಾಗಿತ್ತು. ವಯಸ್ಸಾಗಿ ತಾನು ಕುಗ್ಗುತ್ತಿದ್ದೇನೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

ಅವನ ಐವತ್ತೆಂಟನೆಯ ವರ್ಷದಲ್ಲಿ ಹೊಸ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸು, ಜೀಪಿನಿಂದ ಇಳಿಯುವ ಕೆಟ್ಟ ಅಭ್ಯಾಸ ಬೇರೆ. ಟೇಪು ಹಿಡಿದು ಗೆರೆ ಅಳೆದರು, ಮೂರುಕಾಲಿನ ಯಂತ್ರವಿಟ್ಟು ಬೀದಿ ಅಳೆದರು. ಹದಿನೈದು ದಿನಕ್ಕೆ ನೋಟೀಸು ಅಂಟಿತು. ಪ್ರವಾಹದ ಗೆರೆಗಿಂತ ಕೆಳಗಿರುವ ನೂರಾ ಹನ್ನೆರಡು ಮನೆಗಳು, ಅಂದರೆ ಇಡೀ ಊರು, ನಾಲ್ಕು ಮೈಲಿ ಆಚೆಯ ಕಲ್ಲುಗುಡ್ಡಕ್ಕೆ ಹೋಗಬೇಕು. ಆಕ್ಷೇಪಣೆ ಇದ್ದವರು ಒಂಬತ್ತು ದಿನದೊಳಗೆ ಹೇಳಬೇಕು.

ಅಷ್ಟು ದಿನ ಪ್ರವಾಹದ ಹೆಸರಲ್ಲಿ ಮೀಸೆ ತಿರುವಿದವರೆಲ್ಲ ಈಗ ತೂಬಣ್ಣನ ಜಗಲಿಗೆ ಬಂದು ಕೂತರು. "ಅಷ್ಟೊಂದು ನೀರು ನಿಜವಾಗ್ಲೂ ಬಂದಿತ್ತೇನಣ್ಣಾ?" ಎಂದು ಹಗೂರಕ್ಕೆ ಕೇಳಿದರು. ಮೂಲೆಮನೆ ಅಜ್ಜಿ ಹೆಂಚಿನಿಂದ ಇಳಿದಿದ್ದಲ್ಲದೆ, "ನಾನಾಗ ತವರಿಗೆ ಹೋಗಿದ್ದೆ ಕಣಪ್ಪ, ನಂಗೇನೂ ಗೊತ್ತಿಲ್ಲ" ಎಂದು ಕೈ ತೊಳೆದುಕೊಂಡಳು. ತೂಬಣ್ಣ ನೀರಿನ ಪುಸ್ತಕ ತೆಗೆದು ಆ ಸಂಜೆಯ ಮಟ್ಟ ಬರೆದ.

ಎಲ್ಲರೂ ಹೋದ ಮೇಲೆ ಹೆಂಡತಿ ಸೊಪ್ಪು ಬಿಡಿಸುತ್ತಲೇ ಶುರು ಮಾಡಿದಳು.

"ರೀ, ನಾನು ಈ ಮನೆಗೆ ಬಂದಾಗ ಆ ಗೆರೆ ಎಲ್ಲಿತ್ತು ಅಂತ ನಂಗೆ ನೆನಪಿದೆ. ಅದರ ಕೆಳಗೆ ಒಂದು ಬಕೆಟ್ ಇಡೋಕೆ ಆಗ್ತಿತ್ತು, ಅಷ್ಟೇ."

"ಆದೇಶ ಇತ್ತು, ಮಾಡ್ದೆ."

"ಆದೇಶ ಇದ್ರೆ ಹೊಳೆನ ಆಕಾಶಕ್ಕೂ ಹತ್ತಿಸ್ತೀರಿ ನೀವು. ಊರೇ ಗುಡ್ಡಕ್ಕೆ ಹೋಗ್ತಾ ಇದೆ, ಹೋಗಿ ಹೇಳ್ಬಾರ್ದಾ? ಕೆಲಸ ಹೋಗತ್ತೆ ಅಂತ ಭಯಾನಾ?"

"ಕೆಲಸ ಹೋದ್ರೆ ಹೋಗ್ಲಿ."

"ಮತ್ತೆ?"

ಅವನು ಎದ್ದು ಹೊರಗೆ ಹೋದ.

ಆ ಪ್ರವಾಹದಲ್ಲಿ ಊರಿನಲ್ಲಿ ಹೋದದ್ದು ಒಂದೇ ಜೀವ, ತೂಬಣ್ಣನ ಎರಡೂವರೆ ವರ್ಷದ ತಂಗಿ. ಇದು ಊರಿಗೆಲ್ಲ ಗೊತ್ತು. ಅಪ್ಪ ತೂಬಿನ ಮೇಲಿದ್ದ, ಅಮ್ಮ ಪಕ್ಕದ ಮನೆಯವರ ಚೀಲಗಳನ್ನು ಅಟ್ಟಕ್ಕೆ ಏರಿಸಲು ಹೋಗಿದ್ದಳು, ಮನೆಯಲ್ಲಿ ಇಬ್ಬರೇ ಮಕ್ಕಳು. ಗೆರೆ ತಲೆಯ ಮೇಲಿರುವ ತನಕ ಯಾರೂ ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ಆಳು ಮುಳುಗುವ ನೀರಿನಲ್ಲಿ ಆರು ವರ್ಷದ ಹುಡುಗ ಯಾರನ್ನು ಉಳಿಸಬಲ್ಲ? ಕುಂಚ ಎತ್ತಿದಾಗಲೆಲ್ಲ ಅವನ ಮನಸ್ಸು ಮೂರು ಬೆರಳು ಹಗುರಾಗುತ್ತಿತ್ತು. ಅದು ಸುಳ್ಳಿನ ಸುಖ ಎಂದು ಅವನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಒಂಬತ್ತನೆಯ ದಿನ ಇಂಜಿನಿಯರ್ ಬಂದಾಗ ತೂಬಣ್ಣ ಅವರನ್ನು ಗೋಡೆಯ ಮುಂದೆ ನಿಲ್ಲಿಸಿ ವಿಷಯ ಹೇಳಿದ. ಅವರು ನಂಬಲಿಲ್ಲ.

"ಮೂವತ್ತೊಂದು ಸಲ ಅಧಿಕಾರಿಗಳು ಸಹಿ ಮಾಡಿದಾರೆ. ಅವರೆಲ್ಲ ಸುಳ್ಳಾ?"

"ಅವರು ಸುಳ್ಳಲ್ಲ ಸಾರ್, ಜೀಪಿನಿಂದ ಇಳೀಲಿಲ್ಲ ಅಷ್ಟೇ."

ಮಾತು ಬೆಳೆಸದೆ ಒಂದು ಹಳೆಯ ಕರಣೆ ತಂದು ಸುಣ್ಣ ಕೆರೆಯತೊಡಗಿದ. ಚಕ್ಕೆಚಕ್ಕೆಯಾಗಿ ಸುಣ್ಣ ಉದುರಿತು. ಒಂದು ಗೆರೆಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಮೊದಲು ನಿಂತು ಕೆರೆದ, ಆಮೇಲೆ ಬಗ್ಗಿ, ಕೊನೆಗೆ ನೆಲದ ಮೇಲೆ ಕೂತು. ಇಂಜಿನಿಯರ್ ಬೆರಳು ಮಡಿಸಿ ಎಣಿಸುತ್ತಿದ್ದರು. ಎಲ್ಲಕ್ಕಿಂತ ಕೆಳಗೆ, ಮಾಸಿದ ಒಂದು ಗೆರೆ ಸಿಕ್ಕಿತು. ಅವರು ಅದರ ಪಕ್ಕ ನಿಂತು ನೋಡಿದರು. ಅವರ ಮೊಣಕಾಲಿಗೆ ಬಂತು.

"ಇದಕ್ಕಾ ಪ್ರವಾಹ ಅಂದಿದ್ದು?" ಎಂದು ನಕ್ಕೇಬಿಟ್ಟರು. ಬೀದಿಯಲ್ಲಿ ನೆರೆದವರೂ ನಕ್ಕರು. ಊರು ಉಳಿಯಿತೆಂಬ ಖುಷಿಗೆ ಮಾನ ಹೋದದ್ದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಇಂಜಿನಿಯರ್ ಜಗಲಿಯ ಮೇಲೆ ಕೂತು ಹೊಸ ವರದಿ ಬರೆಯಲು ಫಾರಂ ತೆಗೆದರು. ಅರ್ಧಕ್ಕೆ ಪೆನ್ನು ನಿಂತಿತು.

"ಇಲ್ಲಿ ಒಂದು ತೊಂದರೆ ಇದೆಯಲ್ರಿ. ಹಳೇ ಕಡತದಲ್ಲಿ ಪ್ರಾಣಹಾನಿ ಒಂದು ಅಂತಿದೆ. ಮೊಣಕಾಲಷ್ಟು ನೀರು, ಅದೂ ಮನೆಯೊಳಗೆ. ಹೇಗೆ ಸತ್ತರು ಅಂತ ಮೇಲಿನವರು ಕೇಳ್ತಾರೆ. ಏನಂತ ಬರೀಲಿ?"

ತೂಬಣ್ಣ ಕೈಗೆ ಮೆತ್ತಿದ ಸುಣ್ಣವನ್ನು ಪಂಚೆಗೆ ಒರೆಸಿಕೊಂಡ.

"ನನ್ನ ತಂಗಿ ಸಾರ್. ನನ್ನ ಕೈ ಹಿಡ್ಕೊಂಡಿದ್ಲು. ನೀರು ಒಳಗೆ ನುಗ್ಗಿದ ಕೂಡಲೇ ನಾನು ಕೈ ಬಿಡಿಸ್ಕೊಂಡು ಟ್ರಂಕಿನ ಮೇಲೆ ಹತ್ತಿದೆ. ಅವಳು ಬಿದ್ಲು. ಇಳಿದಿದ್ರೆ ನಂಗೆ ಸೊಂಟದವರೆಗೂ ಬರ್ತಿರ್ಲಿಲ್ಲ. ಇಳೀಲಿಲ್ಲ. ಹಾಗಂತ ಬರ್ಕೊಳ್ಳಿ."

ಇಂಜಿನಿಯರ್ ಬಹಳ ಹೊತ್ತು ಫಾರಂ ತಿರುವಿ ಹಾಕಿದರು.

"ಅದಕ್ಕೆ ಇದರಲ್ಲಿ ಕಾಲಂ ಇಲ್ಲ," ಎಂದರು.

ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಬಂದು ಅವನ ಪಕ್ಕ ನೆಲದ ಮೇಲೆ ಕೂತಳು. ಮೂವತ್ತು ವರ್ಷ ಸಂಸಾರ ಮಾಡಿದ ಅವಳಿಗೂ ಈ ಮಾತು ಹೊಸದು.