ಏಜೆಂಟರು ನುಂಗದ ಮಾತ್ರೆ

1939ನೇ ಇಸವಿ, ಮಾರ್ಚ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಹುಕ್ಕೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಅಣ್ಣ ಶಿವಪ್ಪ, ಅವನ ಹೆಂಡತಿ ನೀಲವ್ವ ವೈನಿ, ಸೋದರತ್ತೆ ಗುರವ್ವ, ಮುಂಬಯಿಯ ಒಂದು ಔಷಧ ಕಂಪನಿಯ ಏಜೆಂಟರು ಮತ್ತು ನಾನು. ನಾನಾಗ ಗೋಕಾಕದಲ್ಲಿ ನರ್ಸ್ ಆಗಿದ್ದೆ. ಅತ್ತೆಗೆ ಆರಾಮಿಲ್ಲವೆಂದು ರಜೆ ಹಾಕಿ ಹಿಂದಿನ ದಿನವಷ್ಟೇ ಬಂದಿದ್ದೆ.

ಅಣ್ಣನದು ಬಜಾರದಲ್ಲಿ ಔಷಧದ ಅಂಗಡಿ. ಆ ಕಂಪನಿಯ ನೋವಿನ ಮಾತ್ರೆಗೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ತಾನೊಬ್ಬನೇ ಏಜೆನ್ಸಿ ಹಿಡಿದವನೆಂದು ಅವನಿಗೆ ಬಹಳ ಹೆಮ್ಮೆ. ಕೀಲುನೋವಿನಿಂದ ಮೂಲೆ ಹಿಡಿದಿದ್ದ ಅತ್ತೆ ದಿನವೂ ಅದನ್ನು ನುಂಗಿ ಮತ್ತೆ ರೊಟ್ಟಿ ಬಡಿಯಲು ಕುಳಿತಿದ್ದಳು. ಈಗ ಅವಳಿಗೆ ಬಿಡದ ಜ್ವರ, ಗಂಟಲ ತುಂಬ ಹುಣ್ಣು. ಗಂಜಿಯೂ ಇಳಿಯುತ್ತಿರಲಿಲ್ಲ.

ರೋಗಿ ಬೇರೆ ಏನೇನು ಔಷಧ ತೆಗೆದುಕೊಳ್ಳುತ್ತಾನೆ ಎಂದು ಮೊದಲು ಕೇಳಬೇಕೆಂಬುದು ನಮಗೆ ಕಲಿಸಿದ ಪಾಠ. ಬಂದ ರಾತ್ರಿಯೇ ನನಗೆ ಆ ಮಾತ್ರೆಯ ಮೇಲೆ ಅನುಮಾನ ಬಂತು. ಕೆಲವು ದಿನ ನಿಲ್ಲಿಸೋಣವೆಂದೆ. ಅತ್ತೆ ಸಿಡಿದಳು: "ನಿನ್ನ ಶಾಣ್ಯಾತನ ಗೋಕಾಕದಾಗ ಇಟ್ಟ ಬಾರವಾ. ನನ್ನ ಕೈಕಾಲು ವಾಪಸ್ ಕೊಟ್ಟ ಮಾತ್ರಿ ಅದು."

"ಮಾಡಿದ ಕಂಪನಿಯವರಿಗಿಂತ ನಿನಗ ಹೆಚ್ಚ ಗೊತ್ತೇನ?" ಎಂದ ಅಣ್ಣ. ನನ್ನಲ್ಲಿ ಇದ್ದದ್ದು ಬರೀ ಅನುಮಾನ.

ಮರುದಿನ ಏಜೆಂಟರು ಘಟಪ್ರಭಾದಲ್ಲಿ ರೈಲು ಇಳಿದು ಮೋಟಾರಿನಲ್ಲಿ ಬಂದಿದ್ದರು. ಧೂಳು, ಬಿಸಿಲು, ತಲೆ ಸಿಡಿಯುತ್ತಿದೆ ಎಂದು ಹಣೆ ಒತ್ತಿಕೊಂಡೇ ಊಟಕ್ಕೆ ಕುಳಿತರು. ವೈನಿ ಒಳಗಿನಿಂದ ಅವರದೇ ಕಂಪನಿಯ ಮಾತ್ರೆ, ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

"ಬ್ಯಾಡ್ರಿ ವೈನಿ. ಒಂಚೂರು ಸುಂಠಿ ತೇದು ಕೊಡ್ರಿ, ಹಣಿಗೆ ಹಚ್ಗೋತೇನಿ."

ವೈನಿ ನಕ್ಕಳು. "ಅಯ್ಯ, ಊರಿಗೆಲ್ಲಾ ಮಾತ್ರಿ, ನಿಮಗಷ್ಟ ಸುಂಠಿ ಏನ್ರಿ?"

ಏಜೆಂಟರು ನಗಲಿಲ್ಲ. ನಾನು ಬಿಡಲಿಲ್ಲ. "ನಿಮ್ಮ ಮನ್ಯಾಗ ಯಾರರ ಈ ಮಾತ್ರಿ ತಗೋತಾರೇನ್ರಿ?"

ಅವರು ಕೌದಿ ಹೊದ್ದು ಮಲಗಿದ್ದ ಅತ್ತೆಯ ಕಡೆ ನೋಡಿದರು. "ಅವರಿಗೇನಾಗೇತ್ರಿ?"

"ಜ್ವರ, ಗಂಟಲ ಹುಣ್ಣು. ದಿನಾ ನಿಮ್ಮ ಮಾತ್ರಿ ನುಂಗ್ಯಾಳ."

ಏಜೆಂಟರ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. "ನಿಲ್ಲಸ್ರಿ ಬಾಯಾರ. ಇವತ್ತ ನಿಲ್ಲಸ್ರಿ."

ಆಮೇಲೆ ತಡೆತಡೆದು ಹೇಳಿದರು. ಈ ಮದ್ದಿನಿಂದ ಕೆಲವರ ರಕ್ತ ಕೆಡುತ್ತದೆ, ಅದು ಜ್ವರ ಮತ್ತು ಗಂಟಲ ಹುಣ್ಣಿನಿಂದಲೇ ಶುರುವಾಗುತ್ತದೆ ಎಂದು ಹೊರದೇಶದ ಡಾಕ್ಟರು ಪರೀಕ್ಷೆ ಮಾಡಿ ಬರೆದಿದ್ದರಂತೆ. ಆ ಬರಹ ಕಂಪನಿಗೂ ಬಂದಿತ್ತಂತೆ. "ದೊಡ್ಡ ಸಾಹೇಬರು ಓದ್ಯಾರ್ರಿ. ಅಂಗಡಿಯವರಿಗೆ ಹೇಳೂದು ಬ್ಯಾಡ ಅಂದಾರ. ಆಫೀಸಿನವರು ಮಾತ್ರ ಯಾರೂ ಮುಟ್ಟಂಗಿಲ್ಲ."

"ಗೊತ್ತಿದ್ದೂ ನನ್ನ ಕೈಲೆ ಹಂಚಿಸಿದ್ರಿ?" ಅಣ್ಣ ಎದ್ದು ನಿಂತ.

"ನಾ ಪಗಾರದ ಮನಷಾ ಅದೀನ್ರಿ ಅಣ್ಣಾರ. ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ."

ಅಣ್ಣ ಕೈಮಾಡುತ್ತಾನೇನೋ ಎಂದು ನಾನು ಹೆದರಿದೆ. ಅವನು ವೈನಿಯನ್ನು ಕರೆದು, "ಇವರಿಗೆ ಅನ್ನಾ ನೀಡು. ಖರೆ ಹೇಳಿದವರು ಹಸದ ಹೋಗಬಾರದು," ಎಂದ. ಅವರತ್ತ ತಿರುಗಿ, "ನಿಮ್ಮ ಏಜೆನ್ಸಿ ಇವತ್ತಿಗೆ ಮುಗೀತ್ರಿ," ಎಂದ. ಆ ಏಜೆಂಟರ ಹೆಸರನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ.

ಊಟವಾದ ಮೇಲೆ ಅಣ್ಣ ಚಕ್ಕಡಿ ಹೂಡಿಸಿದ. ದಿನಾ ಮಾತ್ರೆ ನುಂಗುವವರ ಮನೆಗಳು ಅವನಿಗೆ ಗೊತ್ತಿದ್ದವು. ಮೊದಲು ಬಜಾರ, ಆಮೇಲೆ ಹತ್ತಿರದ ಹಳ್ಳಿ ಬೆಲ್ಲದ ಬಾಗೇವಾಡಿ. ಅಣ್ಣ ಮಾತ್ರೆ ವಾಪಸ್ ಕೇಳುವುದು, ನಾನು ಅವರವರ ಗಂಟಲು ನೋಡುವುದು. ಬಾಗೇವಾಡಿಯ ಮುದುಕರೊಬ್ಬರು ಡಬ್ಬಿ ಬಚ್ಚಿಟ್ಟುಕೊಂಡರು. "ಕೊಡಂಗಿಲ್ಲೋ ಶಿವಪ್ಪಾ. ನನ್ನ ಟೊಂಕದ ನೋವು ನೀ ಹೊರ್ತೀಯೇನು?"

ಅಣ್ಣ ಹೊಸ್ತಿಲಾಚೆ ನಿಂತು ಕೈಮುಗಿದ. "ನಿಮಗ ಇದು ಒಳ್ಳೇದಂತ ಹೇಳಿದಾಂವ ನಾನ ರೀ ಅಜ್ಜಾರ. ಈಗ ಕೆಟ್ಟದ್ದು ಅಂತ ಹೇಳಾಕೂ ನಾನ ಬಂದೇನಿ." ಮುದುಕರು ಬೈಯುತ್ತಲೇ ಡಬ್ಬಿ ಕೊಟ್ಟರು. ಹಾಗೆ ಬಾಗಿಲು ಬಾಗಿಲಿಗೆ ಹೋಗಿ ತನ್ನ ಮಾತನ್ನು ತಾನೇ ಹಿಂದೆ ಪಡೆದ ವ್ಯಾಪಾರಿಯನ್ನು ನಾನು ಮತ್ತೆ ಕಾಣಲಿಲ್ಲ. ಅವನ ತಂಗಿ ಎಂದು ಹೇಳಿಕೊಳ್ಳುವಾಗ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಅತ್ತೆ ಉಳಿದಳು. ಜ್ವರ ಇಳಿದು ಗಂಟಲು ಮಾಯಲು ವಾರಗಳೇ ಹಿಡಿದವು. ಕೀಲುನೋವು ಮಾತ್ರ ತಿರುಗಿ ಬಂತು. ಅದಕ್ಕಾಗಿ ನನ್ನನ್ನು ಕೊನೆಯವರೆಗೂ ಬೈದಳು.

ಆ ದಿನ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ತಂದ ಮಾತ್ರೆಗಳನ್ನೆಲ್ಲ ಹಿತ್ತಲಲ್ಲಿ ಆಳವಾಗಿ ಹೂತು ಮಣ್ಣು ತುಳಿದೆವು. ಸಾಬೂನು ಹಚ್ಚಿ ಕೈ ತೊಳೆದು ಒಳಗೆ ಬಂದರೆ, ಅತ್ತೆ ನೋವಿಗೆ ನರಳುತ್ತ ಮಾತ್ರೆ ಬೇಡುತ್ತಿದ್ದಳು. ಅಣ್ಣ ಔಡಲ ಎಣ್ಣೆ ಬಿಸಿ ಮಾಡಿ ತಂದು ಅವಳ ಒಂದು ಮೊಣಕಾಲಿಗೆ ತಿಕ್ಕತೊಡಗಿದ. ಇನ್ನೊಂದಕ್ಕೆ ನಾನು ಕುಳಿತೆ.

"ಜೋರಲೆ ತಿಕ್ಕೋ ಏಜೆಂಟಾ," ಎಂದಳು ಅತ್ತೆ ಅಣ್ಣನಿಗೆ, ಒಡೆದ ದನಿಯಲ್ಲಿ.

ಅವಳಿಗೆ ನಿದ್ದೆ ಹತ್ತುವವರೆಗೂ ತಿಕ್ಕಿದೆವು. ಆಮೇಲೆ ನಾನು ಕೌದಿ ಹೊದಿಸಿ, ಎಣ್ಣೆಯ ಬಟ್ಟಲು ತೊಳೆದು ಬೋರಲು ಹಾಕಿದೆ.