ಹಾರುವವಳಿಗೊಂದು ಕೌದಿ

ನಮ್ಮ ಅಂಬಿಕಾಗೆ ಸೀಟು ಸಿಕ್ಕಿತು. ಹೈದರಾಬಾದಿನಲ್ಲಿ ಗೊಂಬೆ ಸಿನಿಮಾ, ಅದೇ ಕಾರ್ಟೂನು, ಮಾಡುವುದನ್ನು ಕಲಿಸುವ ಕಾಲೇಜು ಅದು, ಇವತ್ತು ಮುಂಜಾನೆ ಫೋನು ಬಂತು. ನನ್ನ ಈ ಮೊಮ್ಮಗಳು ಮಾಡಿದ ಸಿನಿಮಾದಲ್ಲಿ ಒಬ್ಬ ಮುದುಕಿ ಕೌದಿ ಹೊದ್ದು ತಾಂಡೂರಿನ ಮೇಲೆ ಹಾರುತ್ತಾಳೆ. ಆ ಮುದುಕಿ ನಾನೇ. ನಾಲ್ಕನೇ ಇಯತ್ತೆ ಕಲಿತವಳು ನಾನು, ಖುಷಿಯ ಭರದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಮ್ಮೂರಾದ ನಾಗಲಗಿದ್ದದ ಕಡೆಯವರು ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಯಜಮಾನರು ತೀರಿಕೊಂಡ ಮೇಲೆ ಮಗ ಶರಣಪ್ಪ ನನ್ನನ್ನು ತೆಲುಗು ಆಡುವ ತಾಂಡೂರಿಗೆ ಕರೆತಂದ. ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಷ್ ಹಾಕುವ ಕಾರ್ಖಾನೆಯಲ್ಲಿ ಅವನ ಕೆಲಸ. ಮೊದಲ ದಿನ ಅಂಗಳ ಸಾರಿಸಬೇಕೆಂದು ಎದ್ದರೆ ಅಂಗಳವೇ ಇಲ್ಲ. ಬಾಗಿಲು ತೆರೆದರೆ ಬೀದಿ, ಬೀದಿ ತುಂಬ ಕಲ್ಲಿನ ಹಿಟ್ಟು. ಊರಲ್ಲಿ ಹಿಟ್ಟು ಅಂದರೆ ಜೋಳದ್ದು. ಇಲ್ಲಿ ಒಣಹಾಕಿದ ಸೀರೆಯ ಮೇಲೆ, ನೀರಿನ ಕೊಡದ ಮೇಲೆ, ಕಣ್ಣರೆಪ್ಪೆಯ ಮೇಲೆ ಕಲ್ಲಿನದು.

ಮಗನಿಗೆ ಪಾಳಿ ಕೆಲಸ, ಸೊಸೆ ಮಹಾದೇವಿ ಬೇಳೆ ಮಿಲ್ಲಿಗೆ ಹೋಗುತ್ತಾಳೆ. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿರುತ್ತಾರೆ. ಕುಕ್ಕರಿನಲ್ಲಿ ಅನ್ನ ಇರುತ್ತದೆ, ಹಸಿದವರು ಹಾಕಿಕೊಂಡು ಉಣ್ಣುವುದು. ಊರಲ್ಲಿ ಓಣಿಯ ಹೆಂಗಸರು ನನ್ನ ಕೂಡ ಕೂತು ಕೌದಿ ಹೊಲಿಯುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಸಾಲು, ಬಾಯಿ ತುಂಬ ಮಾತು. ಇಲ್ಲಿ ಒಬ್ಬಳೇ ಹೊಲಿದೆ. ಸೂಜಿ ಬಟ್ಟೆಯೊಳಗೆ ಹೋಗುವಾಗ ಸಪ್ಪಳ ಆಗುತ್ತದೆ ಎಂದು ಅಲ್ಲಿತನಕ ನನಗೆ ಗೊತ್ತಿರಲಿಲ್ಲ.

ಆ ಕೌದಿಯ ಒಂದು ಮೂಲೆ ಮಾತ್ರ ತೆರೆದೇ ಉಳಿಯಿತು. ಮನೆಮಂದಿಯೆಲ್ಲ ಕೂಡಿ ಉಂಡ ಊಟದ ರೊಟ್ಟಿಯ ಚೂರನ್ನು ಕಡೆಯ ಮೂಲೆಯಲ್ಲಿಟ್ಟು ಹೊಲಿದು ಮುಚ್ಚುವುದು ನಮ್ಮ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದು. ಕೂಡಿ ಉಣ್ಣುವುದೇ ಇಲ್ಲದ ಮನೆಯಲ್ಲಿ ಆ ಚೂರು ಎಲ್ಲಿಂದ ತರಲಿ?

ಹಗಲೆಲ್ಲ ನನ್ನ ಕೂಡ ಮಾತಾಡುತ್ತಿದ್ದವಳು ಅಂಬಿಕಾ ಒಬ್ಬಳೇ. ಆಗ ಸಣ್ಣವಳು, ಸಾಲೆ ಬಿಟ್ಟು ಬಂದವಳೇ ಟಿವಿ ಮುಂದೆ. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ಶೂರರ ಇಂಗ್ಲಿಷ್ ಸಿನಿಮಾಗಳು, ಮಾತು ಮಾತ್ರ ತೆಲುಗಿನದು. ಅವಳು ಕನ್ನಡದಲ್ಲಿ ಹೇಳುವಳು, ನಾನು ಕೇಳುವೆನು. ಹಾಗೆಯೇ ನನ್ನ ಬಾಯಿಗೂ ತೆಲುಗು ಬಂತು. ಒಂದಿನ ಬದನೆಕಾಯಿ ಗಾಡಿಯವನು ತಕ್ಕಡಿಯ ಮುಳ್ಳು ನಿಲ್ಲುವ ಮುಂಚೆಯೇ ತೂಕ ಮುಗಿಸಿಬಿಟ್ಟ. ನಾನು ಕೈ ಮುಂದೆ ಚಾಚಿ, "ಆಗು, ದುರ್ಮಾರ್ಗುಡಾ" ಎಂದೆ. ನಿಲ್ಲು, ದುಷ್ಟನೇ ಎಂದು ಅದರ ಅರ್ಥ. ತೆಲುಗಿನಲ್ಲಿ ಬದನೆಕಾಯಿ ಕೇಳುವಾಗ ಯಾರೂ ಹಾಗೆ ಆಡುವುದಿಲ್ಲವೆಂದು ನನಗೇನು ಗೊತ್ತು! ಅವನು ನಕ್ಕು ನಕ್ಕು ಹಿಡಿ ಬದನೆ ಹೆಚ್ಚಿಗೆ ಹಾಕಿದ. ಈಗಲೂ ಕಂಡರೆ, "ಪೆದ್ದಮ್ಮ, ಇವತ್ತು ಯಾರನ್ನ ಹಿಡಿದಿ?" ಎಂದು ಅವನ ಮಾತಿನಲ್ಲಿ ಕೇಳುತ್ತಾನೆ. ಪೆದ್ದಮ್ಮ ಅಂದರೆ ದೊಡ್ಡಮ್ಮ. ಈ ಊರು ನನಗೆ ಕೊಟ್ಟ ಹೆಸರು ಅದು.

ಅಂಬಿಕಾ ಆ ಶೂರರ ಚಿತ್ರ ಬರೆದು ಬರೆದು, ದೊಡ್ಡವಳಾದ ಮೇಲೆ ಮೊಬೈಲಿನಲ್ಲಿ ಚಿತ್ರಗಳನ್ನು ಓಡಾಡಿಸುವುದನ್ನೂ ಕಲಿತಳು. ಕಾಲೇಜಿನವರು ನೀನೇ ಮಾಡಿದ ಸಣ್ಣ ಸಿನಿಮಾ ಕಳಿಸು ಎಂದಿದ್ದರು. ಅವಳು ಮಾಡಿದ ಹಾರುವ ಹುಡುಗನನ್ನು ನನಗೆ ತೋರಿಸಿದಳು.

"ಚಲೋ ಅದ. ಆದ್ರ ಅಷ್ಟು ಮ್ಯಾಲ ಥಂಡಿ ಇರತದಲ್ಲ, ಅಂವಗ ಆ ತೆಳ್ಳನ ಬಟ್ಟಿ ಸಾಲತದೇನು?" ಎಂದೆ.

"ಅಂವ ಶೂರ ಇದ್ದಾನ, ಆಯಿ."

"ಶೂರರಿಗೆ ನೆಗಡಿ ಬರಂಗಿಲ್ಲೇನು?"

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಕೌದಿಯನ್ನು ನೋಡಿದಳು. ಹುಡುಗ ಹೋಗಿ ಮುದುಕಿ ಬಂದದ್ದು ಹೀಗೆ. ಕೌದಿಯನ್ನು ಹೆಗಲಿಗೆ ಗಂಟು ಹಾಕಿಕೊಂಡು, ಕಲ್ಲಿನ ಧೂಳಿನಿಂದ ಮೇಲೆದ್ದು, ನಾರಾಯಣಖೇಡ ದಾಟಿ, ನಮ್ಮ ಓಣಿಯನ್ನು ಸುತ್ತುಹಾಕಿ ಮತ್ತೆ ತಾಂಡೂರಿನ ಕಡೆಗೆ.

"ಕಡಿಗೆ ಆಕಿ ಎಲ್ಲಿ ಇಳೀಬೇಕು, ಆಯಿ?"

ನಮ್ಮೂರಿಗೆ ಹೋದರೆ ತಾಂಡೂರಾಕಿ ಬಂದಳು ಎನ್ನುತ್ತಾರೆ. ಇಲ್ಲಿ ನಾನು ಕನ್ನಡದ ಪೆದ್ದಮ್ಮ.

"ಎಲ್ಲಿ ಹಸಿವಾಗ್ತದ ಅಲ್ಲಿ ಇಳೀತಾಳ ಬಿಡು," ಎಂದೆ. ಅವಳು ಮುದುಕಿಯನ್ನು ಇಳಿಸದೆ, ಹಾರುತ್ತಿರುವಾಗಲೇ ಸಿನಿಮಾ ಮುಗಿಸಿದಳು.

ಇವತ್ತು ಓಣಿಗೆಲ್ಲ ಸಕ್ಕರೆ ಹಂಚಿ ಬಂದು ಕೂತೆ. ಮಗ ಎದುರಿಗೆ ಕೂತ.

"ಅವ್ವ, ಆಕಿ ಹೋದ್ರ ನೀ ಒಬ್ಬಾಕೇ ಆಗ್ತಿ. ನೀ ಬ್ಯಾಡ ಅಂದ್ರ ಇಲ್ಲೇ ಯಾವುದರ ಕಾಲೇಜಿಗೆ ಹಾಕ್ತೀನಿ."

ಬಾಗಿಲ ಹಿಂದೆ ಅಂಬಿಕಾಳ ಬಳೆಯ ಸಪ್ಪಳ ಆಗಿ ನಿಂತಿತು. ಬ್ಯಾಡ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದದ್ದು ಸುಳ್ಳಲ್ಲ. ಈ ಮನೆಯ ಮಧ್ಯಾಹ್ನಗಳು ನನಗೆ ಗೊತ್ತು. ಆದರೂ ಮಗನ ಮುಖದ ಮುಂದೆ ಕೈ ಚಾಚಿದೆ.

"ಆಗು, ದುರ್ಮಾರ್ಗುಡಾ."

ಬಾಗಿಲ ಹಿಂದೆ ನಕ್ಕ ಹಾಗೂ ಅತ್ತ ಹಾಗೂ ಕೇಳಿತು.

"ಕಳಸು," ಎಂದೆ. "ಆದ್ರ ಇವತ್ತು ಕುಕ್ಕರಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಸಂಜೆ ಮಗ ಪಾಳಿ ಬದಲಿಸಿಕೊಂಡು ಬಂದ. ಸೊಸೆ ಪುಂಡಿ ಪಲ್ಯ ಮಾಡಿದಳು, ನಾನು ರೊಟ್ಟಿ ಬಡಿದೆ. ಪರಸಿ ಕಲ್ಲಿನ ನೆಲದ ಮೇಲೆ ಎಲ್ಲರೂ ಸುತ್ತ ಕೂತೆವು. ಅಂಬಿಕಾ ತನ್ನ ರೊಟ್ಟಿಯಿಂದ ಚೂರು ಮುರಿದು ನನ್ನ ಅಂಗೈಗೆ ಹಾಕಿದಳು.

"ಕೌದಿ ಮೂಲಿ ಮುಚ್ಚು, ಆಯಿ. ಹಾಸ್ಟೆಲಿಗೆ ಒಯ್ತೀನಿ."

ಆ ಚೂರನ್ನು ಎರಡು ಮಾಡಿದೆ. ಒಂದು ಅವಳ ಕೌದಿಗೆ. ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ, ನಾಳೆಯಿಂದ ನನಗೊಂದು ಕೌದಿ ಹೊಲಿಯಲು ಹಿಡಿಯಬೇಕಲ್ಲ.

"ಮೊದಲ ಉಣ್ಣರಿ ಅತ್ತಿ, ರೊಟ್ಟಿ ಆರತಾವ," ಎಂದಳು ಸೊಸೆ.

ಉಂಡೆವು.